ಹಿರಿಯರಿದ್ದಾಗಲೇ ನೆಗೆಟಿವ್‌ಗಳ ಸಂರಕ್ಷಣೆಯಾಗಲಿ

ಮಾನ್ಯರೇ,

ಹಾಸನದಲ್ಲಿ ಬಹುಕಾಲ ಸ್ಟುಡಿಯೊ ನಡೆಸಿ, ಈಗ ವಯಸ್ಸಿನ ಕಾರಣಕ್ಕೆ ಬಾಗಿಲು ಹಾಕಿರುವ ಹಿರಿಯ ಛಾಯಾಗ್ರಾಹಕರೊಬ್ಬರ ಬದುಕು ಮತ್ತು ನೆನಪುಗಳನ್ನು ಕುರಿತ ಸಾಕ್ಷ್ಯಚಿತ್ರವನ್ನು ಈಚೆಗೆ ನೋಡಿದೆ. ಅವರನ್ನು ಹೊಗಳುವ ಆತುರವಿಲ್ಲದೆ, ಅವರಿಗೇ ಮಾತನಾಡಲು ಬಿಟ್ಟಿರುವ ಚಿತ್ರತಂಡ ಅಭಿನಂದನೆಗೆ ಅರ್ಹ. ನೆಗೆಟಿವನ್ನು ಓರೆಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟುಕೊಂಡು, ಚೂಪಾಗಿ ಹೆರೆದ ಪೆನ್ಸಿಲಿನಿಂದ ಮುಖದ ಸಿಡುಬಿನ ಕಲೆಗಳನ್ನು ಒಂದೊಂದಾಗಿ ತುಂಬುತ್ತಿದ್ದ ಟಚಿಂಗ್ ಕೆಲಸವನ್ನು ಅವರು ನಡುಗುವ ಕೈಯಲ್ಲೇ ಮಾಡಿ ತೋರಿಸುತ್ತಾರೆ; ಕಂಪ್ಯೂಟರ್ ಬರುವ ಮುನ್ನ ಆ ಕಸುಬು ಎಷ್ಟು ತಾಳ್ಮೆ ಬೇಡುತ್ತಿತ್ತೆಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಶೆಟ್ಟಿಹಳ್ಳಿಯ ಭಾಗ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲ ಬಂತೆಂದರೆ ಅರೆ ಮುಳುಗುವ ರೋಸರಿ ಚರ್ಚು ಇಂದಿನವರಿಗೆ ಚಾವಣಿಯಿಲ್ಲದ ಗೋಡೆ, ಕಮಾನುಗಳಾಗಿ ಮಾತ್ರ ಗೊತ್ತು. ಪ್ರವಾಸಿಗರು ತೆಗೆದ ಅಂಥ ಚಿತ್ರಗಳಿಗೆ ಲೆಕ್ಕವಿಲ್ಲ. ಈ ಹಿರಿಯರ ಬಳಿಯಿರುವುದು ಅದೇ ಚರ್ಚಿನ ಬಾಗಿಲಲ್ಲಿ ನೆಂಟರಿಷ್ಟರೊಡನೆ ನಿಂತ ಮದುಮಕ್ಕಳ ಚಿತ್ರ, ಅಂದರೆ ಊರು ಊರಾಗಿಯೇ ಇದ್ದ ಕಾಲದ್ದು.

ಆದರೆ ನೆಗೆಟಿವ್‌ಗಳನ್ನಿಟ್ಟ ತಗಡಿನ ಡಬ್ಬಿ ತೆರೆದರೆ ವಿನೆಗರಿನ ಹುಳಿ ವಾಸನೆ ಬರುತ್ತದೆಂದು ಅವರೇ ಹೇಳುತ್ತಾರೆ. ಇದು ಹಳೆಯ ನೆಗೆಟಿವ್‌ಗಳಿಗೆ ಬಳಸುತ್ತಿದ್ದ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೆಡುತ್ತಿರುವ ಲಕ್ಷಣ. ಹೊರಬರುವ ಆಮ್ಲ ಪಕ್ಕದ ಫಿಲ್ಮುಗಳನ್ನೂ ಕೆಡಿಸುತ್ತದೆ, ಫಿಲ್ಮು ಸುರುಟಿಕೊಂಡು ಮೇಲಿನ ಪದರ ಏಳುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಬೇರೆ. ಒಮ್ಮೆ ಹೀಗಾದದ್ದನ್ನು ಮೊದಲಿನಂತೆ ಮಾಡಲಾಗದು, ನಿಧಾನಗೊಳಿಸಬಹುದಷ್ಟೆ.

ಸ್ಕ್ಯಾನ್ ಮಾಡಿಟ್ಟರೆ ಕೆಲಸ ಮುಗಿಯಿತೆಂದು ಯಾರೂ ತಿಳಿಯಬಾರದು. ಬಿಲ್ ಪುಸ್ತಕದಲ್ಲಿರುವುದು ದುಡ್ಡು ಕೊಟ್ಟವರ ಹೆಸರು ಮಾತ್ರ. ಚಿತ್ರದಲ್ಲಿ ನಿಂತ ಉಳಿದವರು ಯಾರು, ಯಾವ ಊರಿನವರು ಎಂಬುದು ಇವರ ನೆನಪಿನಲ್ಲಿದೆ. ಆದ್ದರಿಂದ ಜಿಲ್ಲಾಡಳಿತವು ರಾಜ್ಯ ಪತ್ರಾಗಾರ ಇಲಾಖೆಯ ನೆರವು ಪಡೆದು, ಇತಿಹಾಸ ವಿಭಾಗದ ವಿದ್ಯಾರ್ಥಿಗಳನ್ನು ಅವರ ಜೊತೆ ಕೂರಿಸಿ, ಪ್ರತಿ ಚಿತ್ರದ ವಿವರವನ್ನು ಅವರ ದನಿಯಲ್ಲೇ ದಾಖಲಿಸಬೇಕು. ಮುಳುಗಡೆಯಿಂದ ಬೇರೆಡೆಗೆ ಹೋದ ಕುಟುಂಬಗಳಿಗೂ ಪ್ರತಿಗಳನ್ನು ತೋರಿಸಬೇಕು. ಚಿತ್ರಗಳ ಹಕ್ಕು ಮಾತ್ರ ಈ ಹಿರಿಯರ ಬಳಿಯೇ ಇರಲಿ. ಇಷ್ಟಕ್ಕೆಲ್ಲ ಕಡತ ಓಡಾಡಲು ಸಮಯ ಹಿಡಿಯುವುದಾದರೆ, ಹುಳಿ ವಾಸನೆಯ ಡಬ್ಬಿಗಳನ್ನು ಬೇರ್ಪಡಿಸಿ, ಚೆನ್ನಾಗಿರುವ ನೆಗೆಟಿವ್‌ಗಳನ್ನು ಕಾಗದದ ಲಕೋಟೆಗಳಿಗೆ ಹಾಕಿ ಒಣ ಜಾಗಕ್ಕೆ ಸಾಗಿಸುವ ಕೆಲಸವಾದರೂ ಮುಂದಿನ ಮಳೆಗಾಲದೊಳಗೆ ಆಗಬೇಕು.

– ಓದುಗರೊಬ್ಬರು, ಹಾಸನ