ಬೆಳ್ಳಿ ಮೂಡುವ ಮೊದಲೇ ಮರಿ ಕೊಡಬೇಡಿ

ಮಾನ್ಯ ಸಂಪಾದಕರೇ,

ಅಪರೂಪದ ಮೊಲದ ತಳಿ ಉಳಿಯಬೇಕಾದರೆ ಆದಷ್ಟು ಮರಿ ಮಾಡಿಸಿ, ಆದಷ್ಟು ಬೇಗ ಹಂಚಿ ಎನ್ನುವವರಿದ್ದಾರೆ. ಈ ಅವಸರವೇ ತಳಿಯನ್ನು ಕೆಡಿಸುತ್ತದೆ.

ಅಮೆರಿಕದ ಸಿಲ್ವರ್ ಫಾಕ್ಸ್ ತಳಿಯನ್ನೇ ನೋಡಿ. ಓಹಿಯೊದ ವಾಲ್ಟರ್ ಗಾರ್ಲೆಂಡ್ ರೂಪಿಸಿದ ಇದಕ್ಕೆ 1925ರಲ್ಲಿ ಮಾನ್ಯತೆ ಸಿಕ್ಕಿತು. ಇದರ ಹೆಗ್ಗುರುತು ತುಪ್ಪಳ. ಬಾಲದಿಂದ ತಲೆಯತ್ತ ಕೈಯಾಡಿಸಿದರೆ ಕೂದಲು ನೆಟ್ಟಗೆ ನಿಲ್ಲುತ್ತದೆ. ತಿರುಗಿ ಸವರುವ ತನಕ ಮಲಗುವುದಿಲ್ಲ. ಕಪ್ಪು ಬಗೆಯ ಮರಿ ಹುಟ್ಟುವಾಗ ಬರೀ ಕಪ್ಪು. ಸುಮಾರು ನಾಲ್ಕು ವಾರಕ್ಕೆ ಬೆಳ್ಳಿ ಕೂದಲು ಇಣುಕುತ್ತದೆ, ಮೈತುಂಬಲು ನಾಲ್ಕು ತಿಂಗಳಾದರೂ ಬೇಕು. ಎಂಟು ವಾರಕ್ಕೇ ಎಲ್ಲವನ್ನೂ ಕೊಟ್ಟುಬಿಟ್ಟರೆ, ತಳಿಗೆ ಇಟ್ಟುಕೊಳ್ಳಬೇಕಾದ ಮರಿ ಯಾವುದಿತ್ತೆಂದು ತಿಳಿಯುವುದೇ ಇಲ್ಲ.

ಗಬ್ಬ ನಿಲ್ಲದಿದ್ದರೆ ಹೆಣ್ಣನ್ನೇ ದೂರುವುದು ರೂಢಿ. ಕೊಬ್ಬಿದ ಹೆಣ್ಣಿಗೆ ಗಬ್ಬ ನಿಲ್ಲುವುದು ಕಷ್ಟ, ನಿಜ. ಆದರೆ 30 ಡಿಗ್ರಿ ದಾಟಿದ ಬಿಸಿಲಿಗೆ ದಿನಗಟ್ಟಲೆ ಸಿಕ್ಕ ಗಂಡು ವಾರಗಟ್ಟಲೆ ಬೀಜಶಕ್ತಿ ಕಳೆದುಕೊಳ್ಳಬಹುದು. ಗಂಡಿನ ಗೂಡಿಗೆ ನೆರಳು, ಗಾಳಿ ಮೊದಲು. ಕೂಡಿಸುವಾಗ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಿರಿ. ತನ್ನ ಜಾಗಕ್ಕೆ ಬಂದ ಗಂಡನ್ನು ಅದು ಕಚ್ಚಿ ಓಡಿಸುತ್ತದೆ.

ಗಬ್ಬ ಸುಮಾರು 31 ದಿನ. 28ನೇ ದಿನ ಒಣಹುಲ್ಲು ತುಂಬಿದ ಪೆಟ್ಟಿಗೆ ಇಡಬೇಕು. ಬೇಗ ಇಟ್ಟರೆ ತಾಯಿ ಅದರಲ್ಲೇ ಹಿಕ್ಕೆ ಹಾಕುತ್ತದೆ. ಪೆಟ್ಟಿಗೆ ತೀರ ದೊಡ್ಡದಾದರೆ ಮರಿಗಳು ಚದುರಿ ಚಳಿಗೆ ಸಾಯುತ್ತವೆ. ತಾಯಿ ಒಳಗೆ ತಿರುಗುವಷ್ಟಿದ್ದರೆ ಸಾಕು. ಈದ ದಿನವೇ ಕೈಹಾಕಿ ಸತ್ತ ಮರಿ ತೆಗೆಯಿರಿ. ತಾಯಿ ದಿನಕ್ಕೊಂದೆರಡು ಸಲ, ಕೆಲವೇ ನಿಮಿಷ ಹಾಲುಣಿಸುತ್ತದೆ. ಪೆಟ್ಟಿಗೆಯ ಬಳಿ ಸುಳಿಯುತ್ತಿಲ್ಲವೆಂದು ಗಾಬರಿಯಾಗದೆ ಮರಿಗಳ ಹೊಟ್ಟೆ ಮುಟ್ಟಿ ನೋಡಿ. ದುಂಡಗಿದ್ದರೆ ಹಾಲು ಸಿಕ್ಕಿದೆ. ಚರ್ಮ ಸುಕ್ಕುಗಟ್ಟಿದ್ದರೆ ಇಲ್ಲ.

ಉಳಿಸಿಕೊಳ್ಳುವ ಮರಿಯ ಬಾಯಿ ಬಿಡಿಸಿ ಹಲ್ಲು ನೋಡದೆ ನಿರ್ಧರಿಸಬೇಡಿ. ಮೊಲದ ಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತದೆ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ಕೂರದಿದ್ದರೆ ಸವೆಯದೆ ಉದ್ದವಾಗಿ, ಮೇವು ತಿನ್ನಲಾಗದೆ ಸೊರಗುತ್ತದೆ. ಈ ದೋಷ ವಂಶದಲ್ಲೇ ಬರುವುದುಂಟು. ತುಪ್ಪಳ ಎಷ್ಟೇ ಚೆಂದವಿರಲಿ, ಅಂಥದ್ದನ್ನು ತಳಿಗೆ ಬಳಸಲೇಬಾರದು.

ಕೊನೆಗೊಂದು ಬೇಡಿಕೆ. ಒಂದೇ ಸೂಲಿನ ಅಣ್ಣತಂಗಿಯರನ್ನು ‘ಜೋಡಿ’ ಎಂದು ಕೊಡುವುದು ನಿಲ್ಲಲಿ. ಪ್ರತಿ ಮೊಲದ ಕಿವಿಗೆ ಹಚ್ಚೆಯ ಸಂಖ್ಯೆ ಹಾಕಿ, ಮೂರು ತಲೆಮಾರಿನ ವಂಶಾವಳಿ ಮತ್ತು ತೂಕ ಬರೆದ ಚೀಟಿಯ ಜೊತೆಗೇ ಕೊಡಿ.

— ಮೊಲ ಸಾಕುವ ಓದುಗರು