ಅಕ್ಟೋಬರ್ 21ರ ಮೌನಾಚರಣೆ ಕುರಿತು

ಗುಂಪಿನ ವಕೀಲ ಬಂಧುಗಳ ಗಮನಕ್ಕೆ.

1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಹತ್ತು ಮಂದಿ ಪೊಲೀಸರು ಹುತಾತ್ಮರಾದ ದಿನವಾದ ಅಕ್ಟೋಬರ್ 21ರಂದು, ಕಲಾಪ ಆರಂಭಕ್ಕೆ ಮುನ್ನ, ಕಲಬುರಗಿ ಜಿಲ್ಲಾ ನ್ಯಾಯಾಲಯದ ಮುಖ್ಯದ್ವಾರದ ಬಳಿ ಎರಡು ನಿಮಿಷ ಮೌನ ಆಚರಿಸೋಣ. ಈ ಸಲ ನ್ಯಾಯಾಲಯದ ಕಾವಲಿನಲ್ಲೇ ಮಡಿದವರನ್ನೂ ಸ್ಮರಿಸಬೇಕೆಂಬುದು ನನ್ನ ವಿನಂತಿ. 1992ರ ಜುಲೈ 20ರಂದು ಅಮೆರಿಕದ ಶಿಕಾಗೋದ ಫೆಡರಲ್ ನ್ಯಾಯಾಲಯದ ಕಟ್ಟಡದಲ್ಲಿ ಕೈದಿಯೊಬ್ಬ ಬೇಡಿ ಕಳಚಿಕೊಂಡು, ಪಿಸ್ತೂಲು ಕಸಿದು ಗುಂಡು ಹಾರಿಸಿದಾಗ, ಮಾರಣಾಂತಿಕವಾಗಿ ಗಾಯಗೊಂಡಿದ್ದ ಭದ್ರತಾ ಅಧಿಕಾರಿ ಬೀಳುವ ಮುನ್ನ ಪ್ರತಿಯಾಗಿ ಗುಂಡು ಹಾರಿಸಿದರು. 2010ರ ಜನವರಿ 4ರಂದು ಲಾಸ್ ವೇಗಾಸ್‌ನ ಕೋರ್ಟಿನ ಪ್ರವೇಶದಲ್ಲೇ ಇನ್ನೊಬ್ಬ ಭದ್ರತಾ ಅಧಿಕಾರಿ ಗುಂಡಿಗೆ ಬಲಿಯಾದರು. ಇಬ್ಬರೂ ನಿವೃತ್ತ ಪೊಲೀಸರು. ನಮ್ಮ ಬಾಗಿಲಲ್ಲಿ ಬುತ್ತಿ ಡಬ್ಬಿ ತೆರೆಸಿ, ಜೋಳದ ರೊಟ್ಟಿಯ ಗಂಟನ್ನೂ ಮುಟ್ಟಿ ನೋಡುವ ಸಿಬ್ಬಂದಿಯ ಮೇಲೆ ಗೊಣಗುವವರಲ್ಲಿ ನಾನೂ ಒಬ್ಬ. ಅಂದು ಆ ಸಿಬ್ಬಂದಿಯನ್ನೂ ನಮ್ಮ ಸಾಲಿನಲ್ಲಿ ನಿಲ್ಲಿಸಿಕೊಳ್ಳೋಣ. ದಯವಿಟ್ಟು ಹತ್ತು ನಿಮಿಷ ಮೊದಲೇ ಬನ್ನಿ.