ತೂಕದ ಕೋಲು ಹಿಡಿದವನು

ಪ್ರೀತಿಯ ತಂಗಿಗೆ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಜಾವಾದ ಬಾಂಟಮ್ ಬಂದರಿನ ಚೀನೀ ವ್ಯಾಪಾರಿಗಳ ಹಳೇ ಅಚ್ಚುಚಿತ್ರದ ಬಗ್ಗೆ ಬರೆಯಲು ಹೊರಟಿದ್ದೀಯ, ಖುಷಿಯಾಯಿತು. ಆದರೆ ಮೊದಲ ಎರಡು ಪುಟದ ತುಂಬ 'ಯುರೋಪಿನ ದೃಷ್ಟಿಕೋನ'ವೇ ಇದೆ. ಚಿತ್ರ ಎಲ್ಲಿ?

ಚಿತ್ರದಲ್ಲಿ ಒಬ್ಬನ ಕೈಯಲ್ಲಿ ತೂಕದ ಕೋಲಿದೆ. ಅಲ್ಲಿಂದ ಶುರು ಮಾಡು. ಡಚ್ಚರ ಮೊದಲ ಹಡಗುಗಳ ಜೊತೆ 1596ರಲ್ಲಿ ಬಾಂಟಮ್ ಮುಟ್ಟಿದವನು ವಿಲೆಮ್ ಲೋಡೆವೈಕ್ಸ್. ಈ ಚಿತ್ರವಿರುವ ಅವನ ಪುಸ್ತಕ 1598ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಈ ಚೀನೀಯರು ಕೋಲು ಹಿಡಿದು ಹಳ್ಳಿಗಳಿಗೆ ಹೋಗಿ ರೈತರಿಂದ ಮೆಣಸು ಕೊಳ್ಳುತ್ತಿದ್ದರಂತೆ. ಚೀನಾದ ಹಡಗು ಬರುವವರೆಗೆ ಕೂಡಿಡುತ್ತಿದ್ದರಂತೆ. ಎಂಟು ಮೂಟೆಗೆ ಕೊಟ್ಟ ದುಡ್ಡು ಆಮೇಲೆ ಎರಡೇ ಮೂಟೆಯಿಂದ ವಾಪಸು! ಈ ಲೆಕ್ಕ ಬರೆಯುವಾಗ ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅಂತ ನನಗನ್ನಿಸುತ್ತದೆ. ಡಚ್ಚರು ಬಂದದ್ದೂ ಅದೇ ಮೆಣಸಿಗೆ ಅಲ್ವಾ?

ಪಕ್ಕದಲ್ಲಿ ಒಬ್ಬ ಹೆಂಗಸಿದ್ದಾಳೆ. ಬಾಂಟಮ್‌ನಲ್ಲಿ ಇರುವಷ್ಟು ದಿನಕ್ಕೆ ಅಂತ ವ್ಯಾಪಾರಿ ಕೊಂಡುಕೊಂಡವಳು. ನೀನು ಅವನ ನಿಲುವಂಗಿಯ ನೆರಿಗೆ ಎಣಿಸಿ, ಇವಳನ್ನು ದಾಟಿ ಹೋಗಿದ್ದೀಯ. ನಿನ್ನ ವಯಸ್ಸಿನಲ್ಲಿ ನಾನೂ ಹೀಗೇ, ಬಟ್ಟೆ ವರ್ಣನೆ ಸಿಕ್ಕರೆ ಬಿಡುತ್ತಿರಲಿಲ್ಲ.

ಇನ್ನೊಂದು ಮಾತು. 'ಕಲಾವಿದ ಕಂಡಂತೆ' ಎಂದು ಸುಮ್ನೆ ಬರೆದುಬಿಟ್ಟಿದ್ದೀಯ. ಕಂಡವರು ಯಾರು? ಲಿನ್ಸ್‌ಖೋಟೆನ್ ಎಂಬ ಡಚ್ ಪ್ರವಾಸಿ 1583ರಲ್ಲಿ ಗೋವಾಕ್ಕೆ ಬಂದು ಕೆಲವು ವರ್ಷ ಅಲ್ಲೇ ಇದ್ದ. ಚೀನಾಕ್ಕೆ ಹೋಗಲೇ ಇಲ್ಲ. ಆದರೂ 1596ರ ಅವನ ಪುಸ್ತಕದಲ್ಲಿ ಚೀನೀಯರ ಚಿತ್ರಗಳಿವೆ. (ಅದೇ ಪುಸ್ತಕದಲ್ಲಿ ಗೋವಾದ ರೈತರಿಗೆ 'ಕನಾರಿನ್' ಎಂಬ ಹೆಸರು. ಹೆಸರು ಕನ್ನಡದ್ದು, ಜನ ಕೊಂಕಣದವರು! ಅದರ ಬಗ್ಗೆ ಬೇರೆಯೇ ಬರೆಯಬಹುದು.) ನ್ಯೂಹೋಫ್ ಎಂಬ ಇನ್ನೊಬ್ಬ ಪ್ರವಾಸಿ ಮಾತ್ರ ಡಚ್ ರಾಯಭಾರಿಗಳ ಜೊತೆ ಚೀನಾ ಸುತ್ತಿ, ಸ್ಥಳದಲ್ಲೇ ಗೀಚಿಕೊಂಡು ಬಂದ. ಆದರೆ ಅವನ ಪುಸ್ತಕ 1665ರಲ್ಲಿ ಹೊರಬಂದಾಗ, ಅವನ ಗೀಟುಗಳಲ್ಲಿ ಇಲ್ಲದ ತಾಳೆಮರಗಳೂ ಜನರೂ ಚಿತ್ರದೊಳಗೆ ಬಂದಿದ್ದರು. ಕೆತ್ತುವವನಿಗೆ ಮುಂದೆ ಖಾಲಿ ಜಾಗ ಕಂಡಿತು, ಕೈಗೆ ರೂಢಿಯಿದ್ದದ್ದನ್ನು ತುಂಬಿದ. ನಿನ್ನ ಮೂರನೇ ಪುಟದ 'ನಿಗೂಢ ಪೂರ್ವ' ಅಂಥದ್ದೇ ತಾಳೆಮರ. ಕಿತ್ತು ಹಾಕು.

'ಬಲಗೈಯಲ್ಲಿ ಕೋಲು' ಎಂದು ಬರೆಯುವ ಮೊದಲು ಯಾವ ಪ್ರತಿ ನೋಡಿದೆ ಅಂತ ಹೇಳು. ಫ್ರಾಂಕ್‌ಫರ್ಟಿನ ಡಿ ಬ್ರೈ ಎಂಬ ಪ್ರಕಾಶಕರ ಮನೆಯವರು ಡಚ್ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಮತ್ತೆ ಕೆತ್ತುತ್ತಿದ್ದರು. ನೋಡಿದ ಹಾಗೇ ಕೆತ್ತಿದರೆ ಅಚ್ಚಿನಲ್ಲಿ ಎಡಬಲ ಅದಲುಬದಲು.

ಆ ಹೆಂಗಸಿನ ಮೇಲೆ ಒಂದು ಪ್ಯಾರಾ ಬರೆದು ಮೊದಲು ಅದನ್ನು ಕಳಿಸು. ಉಳಿದದ್ದು ನಿಧಾನಕ್ಕೆ ನೋಡೋಣ.

ನಿನ್ನ,
ಅಣ್ಣ